ಕಂಪ್ಯೂಟರಿಗೊಂದು ಹೊಸ ಅಂಗಿ

ಜೂನ್ ತಿಂಗಳಲ್ಲಿ ಹೊಸ ಪಠ್ಯಪುಸ್ತಕ ಕೈಗೆ ಬಂದ ಸಂಜೆಯೇ ಮಕ್ಕಳು ಅದಕ್ಕೆ ಕಂದು ಕಾಗದದ ಬೈಂಡ್ ಹಾಕಿ, ಲೇಬಲ್ ಅಂಟಿಸಿ, ಹೆಸರು ಬರೆದು ಮುಗಿಸಿರುತ್ತಾರೆ. ಒಳಗಿನ ಪಾಠ ಓದುವುದು ಆಮೇಲಿನ ಮಾತು. ಮನೆಗೆ ಕಂಪ್ಯೂಟರು ಬಂದಾಗಲೂ ಹೀಗೆಯೇ. ಮೊದಲ ದಿನವೇ ಪರದೆಯ ಹಿಂದಿನ ಚಿತ್ರ ಬದಲಾಗುತ್ತದೆ, ಬಾಣದ ಗುರುತು ಚಿಟ್ಟೆಯಾಗುತ್ತದೆ, ಮೂಲೆಯಲ್ಲೊಂದು ಗಡಿಯಾರ ಹುಟ್ಟಿಕೊಳ್ಳುತ್ತದೆ. ‘ಇದಕ್ಕೇನಾ ಇಷ್ಟು ದುಡ್ಡು ಸುರಿದು ತಂದದ್ದು?’ ಎಂದು ಅಪ್ಪ ಅಮ್ಮ ಗೊಣಗುವುದೂ ಉಂಟು. ಅವರ ಗೊಣಗಾಟದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಈ ಅಲಂಕಾರದ ಹಿಂದೆ ನಲವತ್ತು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ, ಒಂದಿಷ್ಟು ಲೆಕ್ಕವಿದೆ, ಎಚ್ಚರ ತಪ್ಪಿದರೆ ಅಪಾಯವೂ ಇದೆ.

ಎಂಟು ಬೈಟಿನ ನೆಲಹಾಸು

ಡೆಸ್ಕ್‌ಟಾಪ್ ಎಂದರೆ ಮೇಜಿನ ಮೇಲ್ಭಾಗ. ಅಮೆರಿಕದ ಜೆರಾಕ್ಸ್ ಕಂಪನಿ 1981ರಲ್ಲಿ ಮಾರುಕಟ್ಟೆಗೆ ತಂದ ‘ಸ್ಟಾರ್’ ಎಂಬ ಯಂತ್ರದಲ್ಲಿ ಕಚೇರಿಯ ಮೇಜೇ ಪರದೆಯ ಮೇಲೆ ಮೂಡಿತ್ತು. ಕಾಗದ, ಫೋಲ್ಡರು, ಬಂದ ಟಪಾಲಿನ ಬುಟ್ಟಿ, ಹೋಗುವ ಟಪಾಲಿನ ಬುಟ್ಟಿ ಎಲ್ಲವೂ ಪುಟ್ಟ ಚಿತ್ರಗಳಾಗಿ ಅಲ್ಲಿದ್ದವು. ಆ ಯಂತ್ರ ದುಬಾರಿಯಾಗಿತ್ತು, ಹೆಚ್ಚು ಮಾರಾಟವಾಗಲಿಲ್ಲ. ಆದರೆ ಆ ಕಲ್ಪನೆ ಉಳಿಯಿತು.

1984ರ ಜನವರಿಯಲ್ಲಿ ಆಪಲ್ ಕಂಪನಿಯ ಮೆಕಿಂತೋಷ್ ಬಂತು. ಅದರ ಕಪ್ಪು-ಬಿಳುಪು ಪರದೆಯಲ್ಲಿ ಅಡ್ಡಕ್ಕೆ 512, ಉದ್ದಕ್ಕೆ 342 ಚುಕ್ಕಿಗಳು. ಗುಣಿಸಿದರೆ 1,75,104. ಒಂದೊಂದು ಚುಕ್ಕಿಗೂ ಒಂದು ಬಿಟ್ ಬೇಕು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಅಲ್ಲಿಗೆ ಒಂದು ಪೂರ್ಣ ಪರದೆಯ ಚಿತ್ರಕ್ಕೆ 21,888 ಬೈಟ್. ಯಂತ್ರದ ಒಟ್ಟು ಸ್ಮರಣೆಯೇ 128 ಕಿಲೋಬೈಟ್! ಪರದೆಯನ್ನು ತೋರಿಸುವುದಕ್ಕೇ ಆರರಲ್ಲೊಂದು ಪಾಲು ಖರ್ಚಾಗುತ್ತಿರುವಾಗ ಹಿನ್ನೆಲೆಯ ಅಂದಕ್ಕೆಂದು ಇನ್ನೊಂದು ಪಾಲು ಎಲ್ಲಿಂದ ತರುವುದು?

ಅದಕ್ಕೆ ಕಂಡುಕೊಂಡ ಉಪಾಯ ಸೀರೆಗೆ ಅಚ್ಚು ಒತ್ತುವವರದ್ದೇ. ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿಗಳ ಒಂದು ಸಣ್ಣ ಅಚ್ಚು. ಅದನ್ನೇ ಪರದೆಯ ತುಂಬ ಒತ್ತುತ್ತ ಹೋಗುವುದು. 64 ಚುಕ್ಕಿ, 64 ಬಿಟ್, ಅಂದರೆ ಬರೀ ಎಂಟು ಬೈಟ್. ಆ ಅಚ್ಚಿನ ಒಂದೊಂದು ಚುಕ್ಕಿಯನ್ನೂ ಕಪ್ಪು ಅಥವಾ ಬಿಳುಪು ಮಾಡಿಕೊಳ್ಳುವ ಸ್ವಾತಂತ್ರ್ಯ ಬಳಸುವವರಿಗಿತ್ತು. ಗ್ರಾಫ್ ಹಾಳೆಯ ಎಂಟೆಂಟು ಮನೆಗಳಲ್ಲಿ ಯಾರು ಬೇಕಾದರೂ ಇಂಥ ಅಚ್ಚು ಬರೆಯಬಹುದು. ಇಷ್ಟರಲ್ಲಿ ಎಷ್ಟು ಬಗೆ ಸಾಧ್ಯ? ಎರಡನ್ನು 64 ಸಲ ಗುಣಿಸಿದಷ್ಟು. ಚದುರಂಗದ ಮನೆಗೊಂದರಂತೆ ಕಾಳನ್ನು ಇಮ್ಮಡಿಸುತ್ತ ಹೋಗಿ ರಾಜನ ಕಣಜವನ್ನೇ ಬರಿದು ಮಾಡಿದ ಕಥೆಯಲ್ಲಿ ಬರುವ ಮೊತ್ತ ಇದಕ್ಕಿಂತ ಒಂದು ಕಾಳು ಮಾತ್ರ ಕಡಿಮೆ.

ಅದೇ ಕಂಪ್ಯೂಟರು ತಯಾರಾಗುತ್ತಿದ್ದಾಗ ನಡೆದ ಒಂದು ಪ್ರಸಂಗ ಸ್ವಾರಸ್ಯವಾಗಿದೆ. ಕ್ರಿಸ್ ಎಸ್ಪಿನೋಸಾ ಎಂಬ ತರುಣ, ಪರದೆಯ ಮೇಲಿನ ಕ್ಯಾಲ್ಕುಲೇಟರನ್ನು ಬರೆದು ಬರೆದು ಸ್ಟೀವ್ ಜಾಬ್ಸ್‌ಗೆ ತೋರಿಸುತ್ತಿದ್ದರು. ಗೆರೆ ದಪ್ಪವಾಯಿತು, ಗುಂಡಿ ಚಿಕ್ಕದಾಯಿತು, ಹಿನ್ನೆಲೆ ಕಪ್ಪಾಯಿತು ಎಂದು ಜಾಬ್ಸ್ ದಿನಕ್ಕೊಂದು ತಕರಾರು ತೆಗೆಯುತ್ತಿದ್ದರು. ಕೊನೆಗೆ ಎಸ್ಪಿನೋಸಾ ಗೆರೆಯ ದಪ್ಪ, ಗುಂಡಿಯ ಗಾತ್ರ, ಹಿನ್ನೆಲೆಯ ವಿನ್ಯಾಸ ಎಲ್ಲವನ್ನೂ ಬೇಕಾದಂತೆ ಬದಲಿಸಿಕೊಳ್ಳುವ ಒಂದು ಪ್ರೋಗ್ರಾಮನ್ನೇ ಬರೆದು ‘ನೀವೇ ಮಾಡಿಕೊಳ್ಳಿ’ ಎಂದು ಕೊಟ್ಟುಬಿಟ್ಟರು. ಜಾಬ್ಸ್ ಹತ್ತೇ ನಿಮಿಷದಲ್ಲಿ ತಮಗೆ ಒಪ್ಪುವ ರೂಪ ಆರಿಸಿಕೊಂಡರು. ಮುಂದೆ ಎಷ್ಟೋ ವರ್ಷ ಮೆಕಿಂತೋಷ್‌ನಲ್ಲಿ ಇದ್ದದ್ದು ಆ ಕ್ಯಾಲ್ಕುಲೇಟರೇ. ಕೈಗೆ ಕೊಟ್ಟರೆ ಜಗಳ ಮುಗಿಯುತ್ತದೆ ಎಂಬುದು ಅಂದೇ ತಿಳಿದಿತ್ತು!

ಹಾರುವ ಬ್ರೆಡ್ ಯಂತ್ರಗಳು

ಹಳೆಯ ಡಬ್ಬದಂಥ ಮಾನಿಟರಿನ ಗಾಜಿನ ಒಳಮೈಗೆ ಫಾಸ್ಫರ್ ಲೇಪವಿರುತ್ತಿತ್ತು. ಎಲೆಕ್ಟ್ರಾನುಗಳು ಬಡಿದಲ್ಲಿ ಅದು ಬೆಳಗುತ್ತಿತ್ತು. ಒಂದೇ ಚಿತ್ರ ತಿಂಗಳುಗಟ್ಟಲೆ ನಿಂತರೆ ಆ ಜಾಗದ ಲೇಪ ಸವೆದು, ಯಂತ್ರ ಆರಿಸಿದ ಮೇಲೂ ಅಕ್ಷರಗಳ ನೆರಳು ಗಾಜಿನ ಮೇಲೆ ಕಾಣುತ್ತಿತ್ತು. ಇದನ್ನು ತಪ್ಪಿಸಲು ಯಾರೂ ಕೆಲಸ ಮಾಡದಿದ್ದಾಗ ಚಿತ್ರವನ್ನು ಚಲಿಸುತ್ತಿಡುವ ತಂತ್ರಾಂಶಗಳು ಹುಟ್ಟಿದವು. ಅವೇ ಸ್ಕ್ರೀನ್ ಸೇವರುಗಳು. 1989ರಲ್ಲಿ ಬರ್ಕ್ಲಿ ಸಿಸ್ಟಮ್ಸ್ ಎಂಬ ಕಂಪನಿಯ ‘ಆಫ್ಟರ್ ಡಾರ್ಕ್’ ಬಂತು. ಅದರಲ್ಲಿ ರೆಕ್ಕೆ ಬಡಿಯುತ್ತ ಹಾರುವ ಬ್ರೆಡ್ ಸುಡುವ ಯಂತ್ರಗಳು ಲೋಕಪ್ರಸಿದ್ಧವಾದವು. ಔಷಧಿಗೆಂದು ಬಂದದ್ದು ಸಿಹಿತಿಂಡಿಯಾದ ಹಾಗೆ ಜನ ಪರದೆ ಉಳಿಸಲಿಕ್ಕಲ್ಲ, ನೋಡಲಿಕ್ಕೆ ದುಡ್ಡು ಕೊಟ್ಟು ಕೊಂಡರು. ಚಪ್ಪಟೆ ಎಲ್‌ಸಿಡಿ ಪರದೆಗಳು ಬಂದ ಮೇಲೆ ಈ ರಕ್ಷಣೆಯ ಅಗತ್ಯ ಹೆಚ್ಚುಕಡಿಮೆ ಇಲ್ಲವಾಯಿತು. ಆದರೆ ಈಚಿನ ಓಎಲ್‌ಇಡಿ ಪರದೆಗಳಲ್ಲಿ ಚುಕ್ಕಿ ಚುಕ್ಕಿಯೂ ತಾನೇ ಬೆಳಗುವುದರಿಂದ ಸವೆತದ ಚಿಂತೆ ಮತ್ತೆ ಬಂದಿದೆ. ಅಂಥ ಪರದೆಯಲ್ಲಿ ಕಪ್ಪು ಚುಕ್ಕಿ ಎಂದರೆ ಆರಿದ ಚುಕ್ಕಿ. ಕಪ್ಪು ಹಿನ್ನೆಲೆ ವಿದ್ಯುತ್ ಉಳಿಸುತ್ತದೆ. ಎಲ್‌ಸಿಡಿಯಲ್ಲಿ ಹಿಂದಿನ ದೀಪ ಹೇಗೂ ಉರಿಯುತ್ತಲೇ ಇರುತ್ತದೆ, ಅಲ್ಲಿ ಈ ಲಾಭ ಅಷ್ಟಾಗಿ ಇಲ್ಲ.

1995ರ ಆಗಸ್ಟ್ 24ರಂದು ವಿಂಡೋಸ್ 95 ಬಿಡುಗಡೆಯಾಯಿತು. ಅದರ ಜೊತೆಗೆ ‘ಪ್ಲಸ್!’ ಎಂಬ ಇನ್ನೊಂದು ಪೊಟ್ಟಣವನ್ನು ಮೈಕ್ರೋಸಾಫ್ಟ್ ಬೇರೆಯಾಗಿಯೇ ಮಾರಿತು. ಹಿನ್ನೆಲೆ, ಬಣ್ಣ, ಬಾಣ, ಸದ್ದು ಎಲ್ಲ ಒಂದಕ್ಕೊಂದು ಹೊಂದುವ ಹನ್ನೆರಡು ‘ಥೀಮು’ಗಳು ಅದರಲ್ಲಿದ್ದವು. ಅಂಗಿಗೆ ಬೇರೆ ಬೆಲೆ ಎಂಬ ವ್ಯಾಪಾರ ಶುರುವಾದದ್ದು ಹೀಗೆ. ಅಂದು 640ಕ್ಕೆ 480 ಚುಕ್ಕಿಯ ಪರದೆಯಲ್ಲಿ 256 ಬಣ್ಣದ ಚಿತ್ರವೊಂದಕ್ಕೆ 300 ಕಿಲೋಬೈಟ್ ಬೇಕಿತ್ತು. ನಾಲ್ಕು ಮೆಗಾಬೈಟ್ ಸ್ಮರಣೆಯ ಯಂತ್ರಕ್ಕೆ ಅದೇ ದೊಡ್ಡ ಹೊರೆ. ಈಗಿನ 1920ಕ್ಕೆ 1080ರ ಪರದೆಯಲ್ಲಿ ಚುಕ್ಕಿಗೆ ನಾಲ್ಕು ಬೈಟಿನಂತೆ ಹಿಡಿದರೆ ಒಂದು ಚಿತ್ರಕ್ಕೇ ಸುಮಾರು 8 ಮೆಗಾಬೈಟ್. ಅಂದಿನ ಇಡೀ ಯಂತ್ರದ ಎರಡರಷ್ಟು!

ಪೇಂಟ್ ಬಲ್ಲವನೇ ದರ್ಜಿ

ಮಕ್ಕಳನ್ನು ನಿಜಕ್ಕೂ ಈ ಕೆಲಸಕ್ಕೆ ಎಳೆದದ್ದು ಹಾಡು ಕೇಳಿಸುವ ಒಂದು ಪುಟ್ಟ ತಂತ್ರಾಂಶ. ನಲ್‌ಸಾಫ್ಟ್ ಕಂಪನಿಯ ವಿನ್ಯಾಂಪ್ 1997ರಲ್ಲಿ ಬಂತು. ಸ್ವಲ್ಪ ಕಾಲದಲ್ಲೇ ಅದಕ್ಕೆ ‘ಸ್ಕಿನ್’ ತೊಡಿಸುವ ಸೌಲಭ್ಯ ಸೇರಿತು. ಅದರ ಮುಖ್ಯ ಕಿಟಕಿ 275 ಚುಕ್ಕಿ ಅಗಲ, 116 ಚುಕ್ಕಿ ಎತ್ತರ. ಸ್ಕಿನ್ ಎಂದರೆ ಬೇರೇನೂ ಅಲ್ಲ, ಕೆಲವು ಚಿತ್ರಕಡತಗಳ ಕಟ್ಟು. ಒಂದು ಚಿತ್ರ ಹಿನ್ನೆಲೆಗೆ. ಇನ್ನೊಂದರಲ್ಲಿ ಗುಂಡಿಗಳು: ಮೇಲಿನ ಸಾಲಿನಲ್ಲಿ ಒತ್ತದೆ ಇರುವಾಗಿನ ರೂಪ, ಕೆಳಗಿನ ಸಾಲಿನಲ್ಲಿ ಒತ್ತಿದಾಗಿನ ರೂಪ. ಮತ್ತೊಂದರಲ್ಲಿ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು. ವಿಂಡೋಸಿನ ಜೊತೆಗೇ ಬರುವ ಪೇಂಟ್‌ನಲ್ಲಿ ಇವನ್ನು ಬರೆದು, ಎಲ್ಲವನ್ನೂ ಜಿಪ್ ಮಾಡಿ, ಹೆಸರಿನ ಬಾಲ ಬದಲಿಸಿದರೆ ಸ್ಕಿನ್ ಸಿದ್ಧ. ಪ್ರೋಗ್ರಾಮಿಂಗ್‌ನ ಒಂದಕ್ಷರವೂ ಬೇಡ. ಆದರೆ ಬರೆಯುವವನು ತನಗರಿವಿಲ್ಲದೆಯೇ ಪಿಕ್ಸೆಲ್ ಎಂದರೇನು, ಕಡತದ ಹೆಸರು ಏಕೆ ಕರಾರುವಾಕ್ಕಾಗಿರಬೇಕು, ಒಂದು ಗುಂಡಿಗೆ ಎರಡು ಸ್ಥಿತಿ ಏಕೆ ಎಂಬುದನ್ನೆಲ್ಲ ಕಲಿತಿರುತ್ತಿದ್ದ. ಜಗತ್ತಿನಾದ್ಯಂತ ಜನ ಹೀಗೆ ಬರೆದ ಸ್ಕಿನ್‌ಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಇಂದಿಗೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಜೋಪಾನವಾಗಿವೆ.

ಒಂದು ತಂತ್ರಾಂಶ ತಾನಾಗಿ ಅಂಗಿ ಬದಲಿಸಿಕೊಳ್ಳುವುದು ಸುಲಭ. ಇಡೀ ವಿಂಡೋಸಿಗೆ, ಅದರೊಳಗಿನ ಬೇರೆಯವರ ತಂತ್ರಾಂಶಗಳಿಗೂ ಅಂಗಿ ತೊಡಿಸುವುದು ಹೇಗೆ? ಸ್ಟಾರ್‌ಡಾಕ್ ಎಂಬ ಅಮೆರಿಕದ ಕಂಪನಿ 1998ರಲ್ಲಿ ತಂದ ‘ವಿಂಡೋಬ್ಲೈಂಡ್ಸ್’ ಇದನ್ನು ಮಾಡಿ ತೋರಿಸಿತು. ಸಾಮಾನ್ಯವಾಗಿ ತಂತ್ರಾಂಶವೊಂದು ತನ್ನ ಕಿಟಕಿಯ ಚೌಕಟ್ಟು ಬರೆಯುವ ಕೆಲಸವನ್ನು ವಿಂಡೋಸಿಗೇ ಬಿಟ್ಟಿರುತ್ತದೆ. ವಿಂಡೋಬ್ಲೈಂಡ್ಸ್ ನಡುವೆ ನಿಂತು ಆ ಕೋರಿಕೆಯನ್ನು ಹಿಡಿದು, ವಿಂಡೋಸಿನ ಬದಲು ತಾನೇ ಬರೆದುಕೊಡುತ್ತದೆ. ಚೌಕಟ್ಟಿನ ಚಿತ್ರವನ್ನು ತುಂಡುಗಳಾಗಿ ಕತ್ತರಿಸಿಟ್ಟಿರುತ್ತಾರೆ. ಕಿಟಕಿ ದೊಡ್ಡದಾದರೆ ನಾಲ್ಕು ಮೂಲೆಗಳು ಇದ್ದಂತೆಯೇ ಇರುತ್ತವೆ, ನಡುವಿನ ಪಟ್ಟಿಗಳು ಮಾತ್ರ ಹಿಗ್ಗುತ್ತವೆ. ಹಾಗಿಲ್ಲದಿದ್ದರೆ ಮೂಲೆಯ ಹೂವು ಎಳೆದ ರಬ್ಬರಿನಂತೆ ವಿಕಾರವಾದೀತು. ಹೀಗೆ ನಡುವೆ ನಿಲ್ಲುವವನು ಎಡವಿದರೆ ಎಲ್ಲ ತಂತ್ರಾಂಶಗಳೂ ಎಡವುತ್ತವೆ ಎಂಬುದನ್ನೂ ನೆನಪಿಡಬೇಕು.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ, ಚೌಕಟ್ಟು ಬದಲಿಸುವ ವ್ಯವಸ್ಥೆಯನ್ನು ತನ್ನೊಳಗೇ ಇಟ್ಟುಕೊಂಡಿತು. ಆದರೆ ಮೈಕ್ರೋಸಾಫ್ಟಿನ ಸಹಿ ಇರುವ ಅಂಗಿಯನ್ನು ಮಾತ್ರ ಒಪ್ಪಿತು. ಉತ್ಸಾಹಿಗಳು ಸಹಿ ಪರೀಕ್ಷಿಸುವ ಕಡತವನ್ನೇ ತಿದ್ದಿದರು. ಎಕ್ಸ್‌ಪಿಯ ಹಸಿರು ಗುಡ್ಡ, ನೀಲಿ ಆಕಾಶದ ಚಿತ್ರ ಯಾರಿಗೆ ನೆನಪಿಲ್ಲ? ಅನೇಕರು ತಿಳಿದಂತೆ ಅದು ಕಂಪ್ಯೂಟರಿನಲ್ಲಿ ಬರೆದದ್ದಲ್ಲ. ಚಾರ್ಲ್ಸ್ ಓ’ರಿಯರ್ ಎಂಬ ಛಾಯಾಗ್ರಾಹಕರು 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾ ಕೌಂಟಿಯಲ್ಲಿ ರಸ್ತೆ ಬದಿ ನಿಂತು ಫಿಲ್ಮಿನಲ್ಲಿ ತೆಗೆದದ್ದು. ಅದು ದ್ರಾಕ್ಷಿ ಬೆಳೆಯುವ ನಾಡು. ಆ ಗುಡ್ಡದ ಬಳ್ಳಿಗಳಿಗೆ ಬೇರು ತಿನ್ನುವ ಕೀಟ ಬಿದ್ದು, ಅವನ್ನು ಕಿತ್ತುಹಾಕಿದ್ದರಿಂದಲೇ ಅಲ್ಲಿ ಆಗ ಬರೀ ಹುಲ್ಲಿತ್ತು!

ಅಂಗಿ ಬರೀ ಚೆಂದಕ್ಕಲ್ಲ, ಅನುಕೂಲಕ್ಕೂ ಬೇಕು. 2012ರಲ್ಲಿ ವಿಂಡೋಸ್ 8 ತನ್ನ ‘ಸ್ಟಾರ್ಟ್’ ಗುಂಡಿಯನ್ನೇ ಕಿತ್ತುಹಾಕಿತು. ಹದಿನೇಳು ವರ್ಷ ಎಡ ಮೂಲೆಗೆ ಕೈ ಹೋಗಿ ರೂಢಿಯಾದವರು ಕಂಗಾಲಾದರು. ಆಗ ಕೈಹಿಡಿದದ್ದು ‘ಕ್ಲಾಸಿಕ್ ಶೆಲ್’ನಂಥ ಹೊರಗಿನ ತಂತ್ರಾಂಶಗಳು. ಮರುವರ್ಷ ಗುಂಡಿ ಹಿಂದಿರುಗಿತು, 2015ರಲ್ಲಿ ವಿಂಡೋಸ್ 10ರೊಡನೆ ಪಟ್ಟಿಯೂ ಹಿಂದಿರುಗಿತು. 2021ರಲ್ಲಿ ವಿಂಡೋಸ್ 11 ಬಂದಾಗ ಟಾಸ್ಕ್‌ಬಾರನ್ನು ಪರದೆಯ ಬುಡದಿಂದ ಕದಲಿಸಲು ಬಿಡಲಿಲ್ಲ. ಮತ್ತೆ ಜನ ಹೊರಗಿನ ಉಪಕರಣಗಳ ಮೊರೆಹೋದರು. ಯಂತ್ರ ನಮ್ಮದು, ಅದರ ಮುಖ ಯಾರದು ಎಂಬ ಪ್ರಶ್ನೆ ಇಲ್ಲಿದೆ. ಲಿನಕ್ಸ್ ಲೋಕದಲ್ಲಿ ಈ ಪ್ರಶ್ನೆ ಅಷ್ಟು ಕಾಡುವುದಿಲ್ಲ. ಅಲ್ಲಿ ಕೆಡಿಇ, ಗ್ನೋಮ್, ಎಕ್ಸ್‌ಎಫ್‌ಸಿಇ ಎಂದು ಇಡೀ ಮುಖವನ್ನೇ ಬೇಕಾದಂತೆ ಆರಿಸಿಕೊಳ್ಳಬಹುದು.

ಜೇಬುಗಳ್ಳ ಅಂಗಿಗಳು

ಇನ್ನು ಹೆತ್ತವರು ಗಮನಿಸಬೇಕಾದ ಭಾಗ. ಪುಕ್ಕಟೆ ಸಿಗುವ ಚೆಂದದ ವಸ್ತುವಿನ ಹಿಂದೆ ಯಾರಿದ್ದಾರೆ ಎಂದು ಮಕ್ಕಳು ಕೇಳುವುದಿಲ್ಲ. ‘ಕಾಮೆಟ್ ಕರ್ಸರ್’ ಎಂಬ ತಂತ್ರಾಂಶ ಬಾಣವನ್ನು ಕಾರ್ಟೂನ್ ಚಿತ್ರವಾಗಿಸುತ್ತಿತ್ತು. ಅದು ಒಂದೊಂದು ಕಂಪ್ಯೂಟರಿಗೂ ಕ್ರಮಸಂಖ್ಯೆ ಕೊಟ್ಟು, ತನ್ನ ಬಾಣವನ್ನು ಬಳಸುವ ತಾಣಗಳಲ್ಲಿ ಯಾರು ಎಲ್ಲಿ ಅಡ್ಡಾಡಿದರು ಎಂಬುದನ್ನು ಕಂಪನಿಗೆ ತಿಳಿಸುತ್ತಿತ್ತೆಂಬುದು 1999ರಲ್ಲಿ ಬಯಲಾಯಿತು. ‘ಬೊಂಜಿ ಬಡ್ಡಿ’ ಎಂಬ ನೇರಳೆ ಬಣ್ಣದ ಗೊರಿಲ್ಲಾ ಪರದೆಯ ಮೇಲೆ ಕುಳಿತು ಮಾತಾಡುತ್ತಿತ್ತು, ಹಾಡುತ್ತಿತ್ತು, ಜೋಕು ಹೇಳುತ್ತಿತ್ತು. ತಂದೆತಾಯಿಯ ಒಪ್ಪಿಗೆ ಇಲ್ಲದೆ ಮಕ್ಕಳ ವಿವರ ಸಂಗ್ರಹಿಸಿದ್ದಕ್ಕಾಗಿ ಅದರ ಕಂಪನಿ 2004ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ 75,000 ಡಾಲರ್ ದಂಡ ತೆರಬೇಕಾಯಿತು.

ಚಿತ್ರವೆಂದು ಕಾಣುವುದೆಲ್ಲ ಚಿತ್ರವಲ್ಲ. ವಿಂಡೋಸಿನ ಸ್ಕ್ರೀನ್ ಸೇವರು ಹೆಸರಿನ ಕೊನೆಗೆ ‘ಎಸ್‌ಸಿಆರ್’ ಎಂದಿರುತ್ತದೆ. ಅದು ನಿಜಕ್ಕೂ ಒಂದು ಪೂರ್ಣ ಪ್ರೋಗ್ರಾಮು. ಒತ್ತಿದರೆ ಏನು ಬೇಕಾದರೂ ಮಾಡಬಲ್ಲದು. ಚಲಿಸುವ ಬಾಣದ ಕಡತವಾದರೋ ಪ್ರೋಗ್ರಾಮಲ್ಲ. ಆದರೂ ವಿಂಡೋಸು ಅದನ್ನು ಓದುವ ಕ್ರಮದಲ್ಲಿದ್ದ ಲೋಪದಿಂದಾಗಿ, ಕೆಟ್ಟ ಉದ್ದೇಶದಿಂದ ತಯಾರಿಸಿದ ಬಾಣವೊಂದು ಕಂಪ್ಯೂಟರನ್ನೇ ವಶಪಡಿಸಿಕೊಳ್ಳಬಹುದಿತ್ತು. 2007ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಮಾಮೂಲು ದಿನಕ್ಕೂ ಕಾಯದೆ ಅದಕ್ಕೆ ತೇಪೆ ಹಾಕಿತು. ವಿಸ್ತಾ ಮತ್ತು ವಿಂಡೋಸ್ 7ರಲ್ಲಿ ಪರದೆಯ ಅಂಚಿಗೆ ಕೂರುತ್ತಿದ್ದ ಗಡಿಯಾರ, ಹವಾಮಾನದ ‘ಗ್ಯಾಜೆಟ್’ಗಳನ್ನು 2012ರಲ್ಲಿ ಅದೇ ಕಂಪನಿ ಭದ್ರತೆಯ ಕಾರಣಕ್ಕೆ ನಿಲ್ಲಿಸಿಬಿಡಿ ಎಂದು ಸಲಹೆ ಮಾಡಿತು.

ಹಾಗೆಂದು ಪೂರಾ ಬೇಡವೆನ್ನುವುದು ಸರಿಯಲ್ಲ, ಮಕ್ಕಳು ಕೇಳುವುದೂ ಇಲ್ಲ. ಮನೆಯ ಕಂಪ್ಯೂಟರಿನಲ್ಲಿ ಮಕ್ಕಳಿಗೆ ಬೇರೆ ಖಾತೆ ತೆರೆದು, ಅದಕ್ಕೆ ಆಡಳಿತದ ಅಧಿಕಾರ ಕೊಡದಿದ್ದರೆ ಅರ್ಧ ಚಿಂತೆ ದೂರ. ಹೊಸದೇನನ್ನಾದರೂ ಹಾಕುವ ಮೊದಲು ‘ರಿಸ್ಟೋರ್ ಪಾಯಿಂಟ್’ ಮಾಡಿಟ್ಟುಕೊಳ್ಳಬೇಕು; ಯಡವಟ್ಟಾದರೆ ಹಿಂದಿನ ಸ್ಥಿತಿಗೆ ಮರಳಬಹುದು. ತಯಾರಿಸಿದವರ ತಾಣದಿಂದಲೇ ಇಳಿಸಿಕೊಳ್ಳಬೇಕು. ಕಲಿಯುವ ಆಸೆಯಿರುವವರಿಗೆ ‘ರೈನ್‌ಮೀಟರ್’ ಒಳ್ಳೆಯ ಆಯ್ಕೆ. 2001ರಿಂದ ಇರುವ ಇದು ಮುಕ್ತ ತಂತ್ರಾಂಶ. ಪರದೆಯ ಮೇಲೆ ಗಡಿಯಾರ, ಪ್ರೊಸೆಸರಿನ ದುಡಿಮೆ, ಸ್ಮರಣೆಯ ಬಳಕೆಗಳನ್ನು ಮುಳ್ಳಾಗಿಯೋ ಪಟ್ಟಿಯಾಗಿಯೋ ತೋರಿಸುತ್ತದೆ. ಅದರ ಸ್ಕಿನ್ ಬರೀ ಪಠ್ಯಕಡತ: ಏನನ್ನು ಅಳೆಯಬೇಕು ಎಂಬುದು ಒಂದು ಕಡೆ, ಅದನ್ನು ಹೇಗೆ ತೋರಿಸಬೇಕು ಎಂಬುದು ಇನ್ನೊಂದು ಕಡೆ. ಪ್ರಯೋಗಶಾಲೆಯ ದಾಖಲೆ ಪುಸ್ತಕ ಬರೆದ ವಿದ್ಯಾರ್ಥಿಗೆ ಇದೇನೂ ಹೊಸದಲ್ಲ. ಇಂಥ ಹತ್ತಾರು ಮಾಪಕಗಳನ್ನು ಕ್ಷಣಕ್ಷಣವೂ ಓಡಿಸಿದರೆ ಅವುಗಳೇ ಪ್ರೊಸೆಸರಿಗೆ ಹೊರೆಯಾಗುವುದನ್ನು ಆ ಮುಳ್ಳೇ ತೋರಿಸುತ್ತದೆ! ಶಾಲೆಯ ಲ್ಯಾಬಿನ ಯಂತ್ರಗಳಲ್ಲಿ ಮಾತ್ರ ಈ ಪ್ರಯೋಗ ಬೇಡ. ಮುಂದಿನ ಪೀರಿಯಡ್ಡಿನಲ್ಲಿ ಇನ್ನೊಬ್ಬರು ಅಲ್ಲಿ ಕೂರುತ್ತಾರೆ.

ನಮ್ಮವರು ಹೆಚ್ಚು ಬಳಸದ ಇನ್ನೊಂದು ಅಂಗಿ ಕನ್ನಡದ್ದು. ಅಕ್ಷರಕ್ಕೆ ‘ತುಂಗಾ’ ಎಂಬ ಫಾಂಟು ಎಕ್ಸ್‌ಪಿಯಲ್ಲೇ ಬಂದಿತ್ತು. ಮೆನು, ಗುಂಡಿ, ಸೂಚನೆಗಳನ್ನು ಕನ್ನಡಕ್ಕೆ ತಿರುಗಿಸುವ ಭಾಷಾ ಪೊಟ್ಟಣವನ್ನು ಮೈಕ್ರೋಸಾಫ್ಟ್ ಉಚಿತವಾಗಿಯೇ ಕೊಡುತ್ತ ಬಂದಿದೆ. ಗ್ನೋಮ್, ಕೆಡಿಇಗಳಿಗೂ ಕನ್ನಡ ಅನುವಾದಗಳಿವೆ. ಅನುವಾದ ಕೆಲವೆಡೆ ತೊಡಕಾಗಿದೆ, ಕೆಲವೆಡೆ ಇಂಗ್ಲಿಷೇ ಇಣುಕುತ್ತದೆ. ಆದರೂ ಇಂಗ್ಲಿಷ್ ಬಾರದ ಹಿರಿಯರಿರುವ ಮನೆಯಲ್ಲಿ ಅವರಿಗೊಂದು ಬೇರೆ ಖಾತೆ ತೆರೆದು, ಅಕ್ಷರ ದೊಡ್ಡದು ಮಾಡಿ, ಭಾಷೆಯ ಪಟ್ಟಿಯಲ್ಲಿ ಕನ್ನಡ ಸೇರಿಸಿ, ಒಮ್ಮೆ ಹೊರಬಂದು ಮತ್ತೆ ಒಳಹೋಗಿ ನೋಡಬಹುದು. ಮಕ್ಕಳ ಖಾತೆಯಲ್ಲಿರುವ ಚಿಟ್ಟೆಗೆ ಅದರಿಂದೇನೂ ತೊಂದರೆಯಾಗುವುದಿಲ್ಲ.