ದಾಖಲೆಯನ್ನು ಹುಡುಕಿಕೊಡುವ ವಿವರಗಳು

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ರೈತನು ತನ್ನ ಹೊಲದ ಉತಾರವನ್ನು, ಎಂದರೆ ಪಹಣಿಯನ್ನು, ಪಡೆಯಬೇಕಾದರೆ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಇಷ್ಟನ್ನು ಹೇಳಿದರೆ ಸಾಕು. ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ತನ್ನೊಳಗೆ ತುಂಬಿಕೊಂಡು ಆರಂಭವಾದ ‘ಭೂಮಿ’ ಯೋಜನೆಯ ಗಣಕವು ಅಷ್ಟರಲ್ಲಿ ಅದೊಂದನ್ನೇ ಆರಿಸಿ ಮುಂದಿಡುತ್ತದೆ. ಹೀಗೆ ದಾಖಲೆಯನ್ನು ಕುರಿತು ಬರೆದಿಟ್ಟು, ಅದನ್ನು ಗುರುತಿಸಲು ನೆರವಾಗುವ ವಿವರಗಳಿಗೆ ಮೆಟಾಡೇಟಾ ಎಂದು ಹೆಸರು.

ಹಳೆಯ ಕಾಗದವೊಂದನ್ನು ಸ್ಕ್ಯಾನ್ ಮಾಡಿದ ಮಾತ್ರಕ್ಕೆ ಗಣಕವು ಅದನ್ನು ಅರಿತುಕೊಂಡಿತೆಂದು ಭಾವಿಸಲಾಗದು. ಯಂತ್ರದ ಪಾಲಿಗೆ ಅದು ಅಸಂಖ್ಯ ಬಿಂದುಗಳ ಚಿತ್ರ. 1930ರ ಪತ್ರವನ್ನು ಇಂದು ಸ್ಕ್ಯಾನ್ ಮಾಡಿದರೆ ಯಂತ್ರವು ತಾನಾಗಿ ನಮೂದಿಸುವುದು ಇಂದಿನ ದಿನಾಂಕವನ್ನೇ. ಪತ್ರ ಹುಟ್ಟಿದ ಕಾಲವನ್ನು ಬಲ್ಲವರು ಪ್ರತ್ಯೇಕವಾಗಿ ತುಂಬಬೇಕು. ಏನೇನು ತುಂಬಬೇಕೆಂಬುದಕ್ಕೆ ಸರ್ವಸಮ್ಮತ ಕ್ರಮವೊಂದಿರಲೆಂದು 1995ರಲ್ಲಿ ಅಮೆರಿಕದ ಒಹಾಯೋ ರಾಜ್ಯದ ಡಬ್ಲಿನ್ ಪಟ್ಟಣದಲ್ಲಿ ನೆರೆದ ತಜ್ಞರ ಪ್ರಯತ್ನದಿಂದ ‘ಡಬ್ಲಿನ್ ಕೋರ್’ ಎಂಬ ಪದ್ಧತಿ ರೂಪುಗೊಂಡಿತು. ಅದರ 15 ಅಂಶಗಳಲ್ಲಿ ಶೀರ್ಷಿಕೆ, ಕರ್ತೃ, ವಿಷಯ, ಭಾಷೆಗಳಂತೆಯೇ, ದಾಖಲೆಯು ಯಾವ ದೇಶಕಾಲಗಳಿಗೆ ಸಂಬಂಧಿಸಿದ್ದೆಂದು ತಿಳಿಸುವ ‘ವ್ಯಾಪ್ತಿ’ಯೂ ಒಂದು.

ಹಾವೇರಿ ಸೀಮೆಯ ಮಟ್ಟಿಗೆ ಅತ್ಯಂತ ಎಚ್ಚರದಿಂದ ತುಂಬಬೇಕಾದದ್ದು ಈ ಅಂಶವನ್ನೇ. ಹಾವೇರಿ ಜಿಲ್ಲೆಯು ಧಾರವಾಡದಿಂದ ಬೇರ್ಪಟ್ಟುದು 1997ರಲ್ಲಿ. ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿತ್ತು. ಹಾನಗಲ್ಲವು ಶಾಸನಗಳಲ್ಲಿ ಪಾನುಂಗಲ್ ಎಂದು ಕಾಣಿಸಿಕೊಳ್ಳುತ್ತದೆ. ಶಿಗ್ಗಾಂವಿಯನ್ನು ಶಿಗ್ಗಾಂವ, ಶಿಗ್ಗಾವಿ ಎಂದೂ ಬರೆಯುವುದುಂಟು. ಆದಕಾರಣ ‘ಹಾವೇರಿ ಜಿಲ್ಲೆ’ ಎಂದು ಹುಡುಕುವವನಿಗೆ, ಧಾರವಾಡ ಜಿಲ್ಲೆಯ ಹೆಸರಿನಲ್ಲಿ ನಮೂದಾದ 1940ರ ಕಡತವು ಕಣ್ಣೆದುರಿಗಿದ್ದೂ ದೊರೆಯದು. ಪ್ರತಿ ಊರಿಗೂ ಬದಲಾಗದ ಸಂಕೇತವೊಂದನ್ನು ಕೊಟ್ಟು, ಆ ಊರಿನ ಹಳೆಯ ಹೊಸ ಹೆಸರುಗಳನ್ನೂ, ಅದು ಒಳಪಟ್ಟಿದ್ದ ಆಡಳಿತಗಳನ್ನೂ ಕಾಲಸಹಿತವಾಗಿ ಅದಕ್ಕೆ ಜೋಡಿಸಿಟ್ಟರೆ, ಯಾವ ಹೆಸರು ಹಿಡಿದು ಹುಡುಕಿದರೂ ಎಲ್ಲ ದಾಖಲೆಗಳೂ ಒಟ್ಟಿಗೆ ಕೈಸೇರುವುವು.

ಈ ಮಾತು ಕಂದಾಯದ ಕಡತಗಳಿಗಷ್ಟೇ ಸಲ್ಲುವುದಲ್ಲ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಅದಾಗಲಿ ಬೇರೆಯವರಾಗಲಿ, ಈ ಭಾಗದ ಜನಪದ ಗೀತೆಯೊಂದನ್ನು ಯಾರೇ ಧ್ವನಿಮುದ್ರಿಸಲಿ, ಹಾಡಿದಾಕೆ ಯಾರು, ಯಾವ ಊರಿನವಳು, ಅದು ಬೀಸುವಾಗಿನ ಹಾಡೋ ಸೋಬಾನೆಯೋ ಎಂಬುದನ್ನು ಜೊತೆಯಲ್ಲಿ ಬರೆದಿಡದಿದ್ದರೆ, ಆ ಗೀತೆಯನ್ನು ಅಭ್ಯಸಿಸುವವನು ಅದರ ಅರ್ಧ ಅರ್ಥವನ್ನೇ ಕಳೆದುಕೊಳ್ಳುವನು. ಕಾಗದವು ಉಳಿದಿರುವವರೆಗೆ ಅದರ ಚಿತ್ರವನ್ನು ಎಂದಾದರೂ ತೆಗೆಯಬಹುದು. ಆದರೆ ವಿವರವನ್ನು ಬಲ್ಲ ಹಿರಿಯರು ಬಹುಕಾಲ ನಮ್ಮೊಡನಿರರು. ಆದುದರಿಂದ ಸ್ಕ್ಯಾನ್ ಯಂತ್ರಕ್ಕೆ ಹಣವನ್ನು ತೆಗೆದಿರಿಸುವ ಪ್ರತಿ ಸಂಸ್ಥೆಯೂ, ಊರಿನ ಹಿರಿಯರನ್ನೂ ಗ್ರಂಥಪಾಲಕರನ್ನೂ ಜೊತೆಗೆ ಕೂಡಿಸಿ ವಿವರ ತುಂಬಿಸುವ ಕಾರ್ಯಕ್ಕೆ ಅಷ್ಟೇ ಉದಾರವಾಗಿ ಕಾಲವನ್ನೂ ಧನವನ್ನೂ ಮೀಸಲಿಡತಕ್ಕದ್ದು.