ಕನಸಿನಲ್ಲೂ ಮರೆತುಹೋಗುವ ಕೆಲಸ

ಕನಸಿನೊಳಗೇ 'ಅರೆ, ಇದು ಕನಸು!' ಅಂತ ಮೊದಲ ಸಲ ಗೊತ್ತಾದಾಗ ನಾನು ದೇವನೂರಿನಲ್ಲಿ ತಾತನ ಮನೆ ಮುಂದೆ ನಿಂತಿದ್ದೆ. ಮಲಗುವ ಮುಂಚೆ ನಿರ್ಧಾರ ಮಾಡಿದ್ದು ಒಂದೇ: ಕನಸು ಅಂತ ತಿಳಿದ ತಕ್ಷಣ ತಾತನ ಹತ್ತಿರ ಹೋಗಿ ಮಾತಾಡಬೇಕು. ಮಾಡಿದ್ದೇನು? ಎರಡೂ ಕೈ ಚಾಚಿ ಹೆಂಚಿನ ಮೇಲಿಂದ ಹಾರಿ, ಗದ್ದೆ ಬಯಲು ದಾಟಿ, ನಂಜನಗೂಡಿನ ದೇವಸ್ಥಾನದ ಗೋಪುರ ಸುತ್ತಿಕೊಂಡು ಬಂದೆ. ಬೆಳಿಗ್ಗೆ ಹಲ್ಲುಜ್ಜುವಾಗ ನೆನಪಾಯ್ತು. ಅಯ್ಯೋ, ತಾತ!

ತಾತ ತೀರಿಕೊಂಡು ನಾಲ್ಕು ವರ್ಷವಾಯ್ತು. ಅದಕ್ಕೆ ಎರಡು ದಿನ ಮುಂಚೆ ಫೋನ್ ಮಾಡಿದ್ದರು. 'ಮೀಟಿಂಗಲ್ಲಿದ್ದೀನಿ ತಾತ, ಆಮೇಲೆ ಮಾಡ್ತೀನಿ' ಅಂದೆ. ಮಾಡಲಿಲ್ಲ, ಮರೆತೆ. ಕನಸಿನಲ್ಲಾದರೂ ಒಂದು ಸಲ ಎದುರಿಗೆ ಕೂತು 'ತಪ್ಪಾಯ್ತು' ಅನ್ನಬೇಕು ಅನ್ನೋದು ನನ್ನ ಆಸೆ.

ಇಂಥ ಕನಸಿಗೆ 'ಲೂಸಿಡ್ ಡ್ರೀಮ್' ಅಂತಾರೆ. ಡಚ್ ಮನೋವೈದ್ಯ ಫ್ರೆಡರಿಕ್ ವಾನ್ ಈಡನ್ 1913ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಅಭ್ಯಾಸ ಮಾತ್ರ ಅದಕ್ಕಿಂತ ತುಂಬ ಹಳೆಯದು. ನಮ್ಮ ಜಿಲ್ಲೆಯ ಬೈಲಕುಪ್ಪೆಯಲ್ಲಿ ನೆಲೆಸಿರುವ ಟಿಬೆಟನ್ನರ ಬೌದ್ಧ ಪರಂಪರೆಯಲ್ಲಿ ಸ್ವಪ್ನಯೋಗ ಶತಮಾನಗಳಿಂದ ಇದೆ. ಇದೇನೂ ಅಪರೂಪದ ಶಕ್ತಿಯಲ್ಲ. 50 ವರ್ಷಗಳ ಅಧ್ಯಯನಗಳನ್ನು 2016ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ನೂರರಲ್ಲಿ ಸುಮಾರು 55 ಜನರಿಗೆ ಒಮ್ಮೆಯಾದರೂ ಇಂಥ ಕನಸು ಬಿದ್ದಿತ್ತು.

ಕಣ್ಣು ಕೊಟ್ಟ ಸಾಕ್ಷಿ

ಎಚ್ಚರದಲ್ಲಿ ಅಂದುಕೊಂಡದ್ದನ್ನು ಕನಸಿನಲ್ಲಿ ಮಾಡೋಕಾಗುತ್ತಾ? ಆಗುತ್ತೆ. ಕನಸು ಗಾಢವಾಗಿರುವ 'ರೆಮ್' ನಿದ್ದೆಯಲ್ಲಿ ದೇಹದ ಸ್ನಾಯುಗಳು ಸಡಿಲವಾಗಿಬಿಡುತ್ತವೆ, ಕಣ್ಣುಗುಡ್ಡೆ ಮಾತ್ರ ಓಡಾಡುತ್ತಿರುತ್ತದೆ. ಇಂಗ್ಲೆಂಡಿನ ಕೀತ್ ಹರ್ನ್ 1975ರಲ್ಲಿ ಇದನ್ನೇ ಬಳಸಿಕೊಂಡರು. ಕನಸು ಅಂತ ಗೊತ್ತಾದ ಕೂಡಲೇ ಕಣ್ಣನ್ನು ಎಡಕ್ಕೆ ಬಲಕ್ಕೆ ಹೊರಳಿಸಬೇಕು ಅನ್ನೋದು ಮುಂಚೆಯೇ ಆದ ಒಪ್ಪಂದ. ನಿದ್ದೆಯಲ್ಲಿದ್ದವರು ನೆನಪಿಟ್ಟು ಹಾಗೇ ಮಾಡಿದರು, ಯಂತ್ರದಲ್ಲಿ ಅದು ದಾಖಲಾಯಿತು. ಅಮೆರಿಕದ ಸ್ಟೀಫನ್ ಲಾಬರ್ಜ್ ಕೂಡ ಮುಂದೆ ಸ್ವತಂತ್ರವಾಗಿ ಇದನ್ನೇ ಸಾಬೀತು ಮಾಡಿದರು. 2021ರಲ್ಲಿ ಪ್ರಕಟವಾದ, ನಾಲ್ಕು ದೇಶಗಳಲ್ಲಿ ನಡೆದ ಪ್ರಯೋಗದಲ್ಲಂತೂ 'ಎಂಟರಲ್ಲಿ ಆರು ಕಳೆದರೆ?' ಅಂತ ಕೇಳಿದ್ದಕ್ಕೆ ಮಲಗಿದ್ದ ಯುವಕನೊಬ್ಬ ಕಣ್ಣಿನ ಚಲನೆಯಲ್ಲೇ 'ಎರಡು' ಅಂದ.

ಹಾಗಾದರೆ ನಾವ್ಯಾಕೆ ಮರೆಯುತ್ತೇವೆ? ಯೋಜನೆ ಹಾಕುವ, ಕೆಲಸವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಮಿದುಳಿನ ಮುಂಭಾಗ ರೆಮ್ ನಿದ್ದೆಯಲ್ಲಿ ಮಂಕಾಗಿರುತ್ತದೆ. ಅರಿವು ಮೂಡಿದರೂ ಪಟ್ಟಿ ಮೂಡುವುದಿಲ್ಲ. 2014ರ ಒಂದು ಸಮೀಕ್ಷೆಯಲ್ಲಿ, ಈ ಅಭ್ಯಾಸ ಇರುವವರಿಗೂ ಅಂದುಕೊಂಡದ್ದು ಪ್ರತಿ ಸಲ ನೆನಪಾಗಿರಲಿಲ್ಲ. ನೆನಪಾದರೂ ಅಷ್ಟರಲ್ಲಿ ಎಚ್ಚರವಾಗಿಬಿಡುತ್ತಿತ್ತು, ಇಲ್ಲವೇ ಕನಸೇ ಅಡ್ಡ ಬರುತ್ತಿತ್ತು.

ಅಲಾರಂ ಅಲ್ಲ, ಗುರುತು

ಇದು ಇಚ್ಛಾಶಕ್ತಿಯ ಪ್ರಶ್ನೆ ಅಲ್ಲ, ನೆನಪಿನ ಪ್ರಶ್ನೆ ಅಂತ ಗೊತ್ತಾದ ಮೇಲೆ ನಾನು ದಾರಿ ಬದಲಿಸಿದೆ. 'ಸಂಜೆ ಹಾಲು ತರಬೇಕು' ಅಂದರೆ ಮರೆಯುತ್ತೇವೆ. 'ಬೇಕರಿ ಕಂಡ ಕೂಡಲೇ ಗಾಡಿ ನಿಲ್ಲಿಸಬೇಕು' ಅಂದರೆ ಬೇಕರಿಯೇ ನೆನಪಿಸುತ್ತದೆ. ಕೋಡ್ ಬರೆಯುವವರಿಗೆ ಇದು ಹೊಸದಲ್ಲ: ಬಟನ್ ಒತ್ತಿದಾಗ ಮಾತ್ರ ಓಡುವ ಫಂಕ್ಷನ್ ಇದ್ದ ಹಾಗೆ.

ಕನಸಿನಲ್ಲಿ ಪದೇ ಪದೇ ಬರೋದು ಏನು ಅಂತ ತಿಳಿಯಲು ಎದ್ದ ಕೂಡಲೇ ಬರೆದಿಡತೊಡಗಿದೆ. ಒಂದು ತಿಂಗಳಲ್ಲಿ ಸಿಕ್ಕಿತು: ತಾತನ ಮನೆಯ ಹಸಿರು ಬಾಗಿಲು. ಬೆಳಗಿನ ಜಾವ ತಾನಾಗೇ ಎಚ್ಚರವಾದಾಗ ಆಗಷ್ಟೇ ಬಿದ್ದ ಕನಸನ್ನು ನೆನೆದು, 'ಹಸಿರು ಬಾಗಿಲು ಕಂಡರೆ ಇದು ಕನಸು, ಒಳಗೆ ಹೋಗಿ ತಾತನ ಪಕ್ಕ ಕೂರಬೇಕು' ಅಂತ ಹೇಳಿಕೊಂಡು, ಹಾಗೆ ಕೂತಂತೆ ಕಲ್ಪಿಸಿಕೊಂಡು ಮತ್ತೆ ಮಲಗುತ್ತಿದ್ದೆ. ಇದು ಲಾಬರ್ಜ್ ರೂಪಿಸಿದ ವಿಧಾನದ ಸಾರ. ರೆಮ್ ನಿದ್ದೆ ಹೆಚ್ಚಾಗಿರುವುದು ರಾತ್ರಿಯ ಕೊನೆಯ ಭಾಗದಲ್ಲಿ, ಅದಕ್ಕೇ ಬೆಳಗಿನ ಜಾವ.

ಒಂದು ಎಚ್ಚರಿಕೆ: ಇದಕ್ಕಾಗಿ ದಿನಾ ಅಲಾರಂ ಇಟ್ಟು ನಿದ್ದೆ ಕೆಡಿಸಿಕೊಳ್ಳಬೇಡಿ. ಭ್ರಮೆಯಂಥ ಮಾನಸಿಕ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪ್ರಯತ್ನಿಸುವುದೇ ಬೇಡ.

ಮೂರನೇ ತಿಂಗಳಲ್ಲಿ ಒಂದು ದಿನ ಬಾಗಿಲು ಕಂಡಿತು. ನೆನಪಾಯ್ತು. ಒಳಗೆ ಹೋದೆ. ತಾತ ಕಂಬಕ್ಕೆ ಒರಗಿ ಕೂತಿದ್ದರು. 'ಉಂಡ್ಯಾ ಮಗ?' ಅಂದರು. ಪಕ್ಕದಲ್ಲಿ ಕೂತೆ. ತಪ್ಪಾಯ್ತು ಅನ್ನೋಕೆ ಬಾಯಿ ತೆರೆದೆ, ಅಷ್ಟರಲ್ಲಿ ಎಚ್ಚರವಾಯ್ತು.

ಅಲ್ಲಿ ಮಾತಾಡಿದ್ದು ನನ್ನದೇ ಮನಸ್ಸು, ತಾತ ಅಲ್ಲ ಅಂತ ನನಗೆ ಗೊತ್ತು. ಕ್ಷಮೆಯೂ ಸಿಗಲಿಲ್ಲ. ಆದರೂ ಆವತ್ತು ಹಾಸಿಗೆಯಲ್ಲಿ ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ದೇವನೂರಿನಲ್ಲಿ ಅಜ್ಜಿ ಇನ್ನೂ ಇದ್ದಾರೆ. ಈಗ ಸಂಜೆ ಬೈಕ್ ಸ್ಟ್ಯಾಂಡ್ ಹಾಕಿದ ಕೂಡಲೇ ಮೊದಲು ಅವರಿಗೆ ಫೋನ್ ಮಾಡ್ತೀನಿ. 'ಆಮೇಲೆ' ಅಂತ ಬಿಟ್ಟರೆ ನಾನು ಮರೆಯುತ್ತೇನೆ.