ಎತ್ತಿನ ಮೈ, ಎತ್ತಿನ ಗೊರಸು



ಸಂಕ್ರಾಂತಿಗೋ ಕಾರಹುಣ್ಣಿಮೆಗೋ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಊರೆಲ್ಲ ಮೆರೆಸುತ್ತೇವೆ. ಅದು ಚೆಂದವೇ. ಆದರೆ ಮಾರನೆಯ ದಿನದಿಂದ ಅವುಗಳ ಮೈ ಮೇಲೆ ಕೈಯಾಡಿಸುವವರು ಯಾರು? ಮಳೆ ಬಿದ್ದು ಹೊಲ ಹದಕ್ಕೆ ಬಂದ ದಿನವೇ ಎತ್ತು ಕುಂಟಿತು ಅನ್ನಿ. ಜೋಡಿಯಲ್ಲಿ ಒಂದು ಕುಂಟಿದರೆ ಇನ್ನೊಂದೂ ಕೊಟ್ಟಿಗೆಯಲ್ಲಿ ನಿಂತಂತೆಯೇ. ಹದ ಮಾತ್ರ ನಮಗಾಗಿ ಕಾಯುವುದಿಲ್ಲ.

"ಹೊಲಮನೆ ಕೆಲಸ ಬಿಟ್ಟು ಎತ್ತಿನ ಮೈ ತಿಕ್ಕುತ್ತ ಕೂರೋಕಾಗುತ್ತಾ ಸ್ವಾಮಿ?" ಅಂತೀರಿ. ದಿನಕ್ಕೆ ಕಾಲು ಗಂಟೆ ಸಾಕು. ಮೈ ತಿಕ್ಕುವುದು ಬರೀ ಅಂದಕ್ಕಲ್ಲ. ಕಣ್ಣಿಗೆ ಕಾಣದ ಬಾವು, ಗಾಯ, ಮುಳ್ಳು ಇನ್ನೂ ಸಣ್ಣದಿರುವಾಗಲೇ ಕೈಗೆ ಸಿಗುತ್ತವೆ. ಲಾಭ ಇರುವುದೇ ಅಲ್ಲಿ.

ಸಂಜೆ ನೊಗ ಇಳಿಸಿದ ಮೇಲೆ ನೆರಳಲ್ಲಿ ನಿಲ್ಲಿಸಿ ಬೆವರು ಆರಗೊಡಿ. ಆಮೇಲೆ ತೆಂಗಿನ ನಾರಿನಿಂದಲೋ ಒಣಹುಲ್ಲಿನ ಹಿಡಿಯಿಂದಲೋ ಕೂದಲು ಮಲಗಿದ ಕಡೆಗೇ ತಿಕ್ಕಿ. ನೊಗ ಕೂರುವ ಜಾಗವನ್ನು ಅಂಗೈಯಿಂದ ಒತ್ತಿ ನೋಡಿ. ಬಿಸಿಯಾಗಿದ್ದರೆ, ಊದಿದ್ದರೆ, ಅದು ವಾಸಿಯಾಗುವ ತನಕ ಹೂಡಬೇಡಿ. ನೊಗದಲ್ಲಿ ಸಿಬಿರು, ಗಂಟು ಇದ್ದರೆ ಕೆತ್ತಿ ನುಣುಪು ಮಾಡಿ.

ಕಿವಿ, ಗಂಗೆದೊಗಲು, ತೊಡೆಸಂದು, ಬಾಲದ ಬುಡ – ಇವು ಉಣ್ಣೆ ಅಡಗುವ ಜಾಗಗಳು. ಉಣ್ಣೆ ರಕ್ತ ಹೀರುವುದಷ್ಟೇ ಅಲ್ಲ, ಜ್ವರಗಳನ್ನೂ ಹರಡುತ್ತದೆ. ರಕ್ತ ಕುಡಿದು ಉಬ್ಬಿದ ಒಂದು ಹೆಣ್ಣು ಉಣ್ಣೆ ಸಾವಿರಾರು ಮೊಟ್ಟೆ ಇಡುತ್ತದೆ. ಕೊಟ್ಟಿಗೆಯ ಗೋಡೆ, ನೆಲಗಳ ಬಿರುಕು ಮುಚ್ಚಿಸಿ. ಬೆಳೆಗೆ ಹೊಡೆಯುವ ಔಷಧಿಯನ್ನು ಎತ್ತಿನ ಮೈಗೆ ಎಂದೂ ಹಚ್ಚಬೇಡಿ. ನೆಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ. ಉಣ್ಣೆಯ ಔಷಧವನ್ನು ಪಶುವೈದ್ಯರು ಹೇಳಿದ ಅಳತೆಯಲ್ಲೇ ಬಳಸಿ.

ಇನ್ನು ಕಾಲಿಗೆ ಬರೋಣ. ಕುದುರೆಯ ಗೊರಸು ಒಂದೇ ತುಂಡು. ಎತ್ತಿನದು ಎರಡು ಹೋಳು. ಆ ಹೋಳುಗಳ ಸಂದಿನಲ್ಲಿ ಕಲ್ಲು, ಮುಳ್ಳು, ಸಗಣಿ ಸಿಕ್ಕಿಕೊಳ್ಳುತ್ತವೆ. ದಿನವೂ ಕಾಲೆತ್ತಿ ಮೊಂಡು ಕಡ್ಡಿಯಿಂದ ಬಿಡಿಸಿ. ಮಳೆಗಾಲದಲ್ಲಿ ಗಂಜಲದ ರೊಚ್ಚಿನಲ್ಲೇ ನಿಂತ ಎತ್ತಿನ ಗೊರಸು ಮೆತ್ತಗಾಗಿ ಕೊಳೆಯುತ್ತದೆ. ನೆಲ ಒಣಗಿರಲಿ, ಗಂಜಲ ಹರಿದುಹೋಗಲು ಇಳಿಜಾರಿರಲಿ. ಸಂದು ನಾರಲು ಶುರುವಾದರೆ ವೈದ್ಯರನ್ನು ಕೇಳಿ, 1 ಲೀಟರ್ ನೀರಿಗೆ 50 ಗ್ರಾಂ ಮೈಲುತುತ್ತ ಕರಗಿಸಿ, ಕೆಸರು ತೊಳೆದ ಕಾಲನ್ನು ಅದರಲ್ಲಿ ಕೆಲವು ನಿಮಿಷ ಅದ್ದಿಸಿ. ಪಾತ್ರೆ ಪ್ಲಾಸ್ಟಿಕ್ಕಿನದಾಗಲಿ, ಕಬ್ಬಿಣದ್ದು ಬೇಡ. ಇದು ವಿಷ. ಎತ್ತು ಕುಡಿಯದ ಹಾಗೆ, ಮಕ್ಕಳು ಮುಟ್ಟದ ಹಾಗೆ ನೋಡಿಕೊಳ್ಳಿ. ಉಳಿದದ್ದನ್ನು ಕೆರೆಗೆ ಚೆಲ್ಲಬೇಡಿ.

ಗೊರಸು ತಿಂಗಳಿಗೆ ಸುಮಾರು ಅರ್ಧ ಸೆಂಟಿಮೀಟರ್ ಬೆಳೆಯುತ್ತದೆ. ಲಾಳವಿದ್ದರೆ ಅದು ಸವೆಯುವುದಿಲ್ಲ. ಆದ್ದರಿಂದ "ಲಾಳ ಇನ್ನೂ ಗಟ್ಟಿಯಾಗಿದೆಯಲ್ಲ" ಎಂದು ಸುಮ್ಮನಿರಬೇಡಿ. ಗೊರಸು ಲಾಳದಾಚೆಗೆ ಬೆಳೆದರೆ ಬಿಚ್ಚಿಸಿ, ಹೆರೆಸಿ, ಮತ್ತೆ ಕಟ್ಟಿಸಿ. ಮೆತ್ತನೆಯ ಹೊಲದಲ್ಲಷ್ಟೇ ದುಡಿಯುವ ಎತ್ತಿಗೆ ಸಾಮಾನ್ಯವಾಗಿ ಲಾಳ ಬೇಕಿಲ್ಲ. ಡಾಂಬರು ರಸ್ತೆಯಲ್ಲಿ ಗಾಡಿ ಎಳೆಯುವ ಎತ್ತಿಗೆ ಬೇಕು. ನಾಲ್ಕು ಕಾಲಿಗೂ ಕಟ್ಟಿಸಿದರೆ 8 ಲಾಳ.

ಲಾಳಕ್ಕೆ ಎತ್ತನ್ನು ಬೆಳಿಗ್ಗೆ, ಮೇವು ಹಾಕುವ ಮುಂಚೆಯೇ ಕೆಡವಿಸಿ. ಹೊಟ್ಟೆ ತುಂಬಿದ ಎತ್ತನ್ನು ಕೆಡವಿದರೆ ಉಬ್ಬರದ ಭಯ. ನೆಲ ಮರಳಾಗಿರಲಿ, ಇಲ್ಲವೇ ಹುಲ್ಲು ಹಾಸಿರಲಿ. ಮೊಳೆ ಹೊರಗೋಡೆಯ ಗಟ್ಟಿ ಕೊಂಬಿನಲ್ಲಷ್ಟೇ ಹೋಗಬೇಕು. ಲಾಳ ಕಟ್ಟಿದ ಮೇಲೆ ಎತ್ತು ಕುಂಟಿದರೆ, ಗೊರಸು ಬಿಸಿಯಾದರೆ, ಮೊಳೆ ಜೀವಕ್ಕೆ ತಾಗಿದೆ ಎಂದು ತಿಳಿಯಿರಿ. ತಡಮಾಡದೆ ತೆಗೆಸಿ, ವೈದ್ಯರಿಗೆ ತೋರಿಸಿ.

ಒಂದು ಎಚ್ಚರಿಕೆ. ಕುಂಟುವುದರ ಜೊತೆಗೆ ಬಾಯಲ್ಲಿ ಜೊಲ್ಲು, ನಾಲಗೆಯಲ್ಲಿ ಗುಳ್ಳೆ ಕಂಡರೆ ಅದು ಕಾಲುಬಾಯಿ ಜ್ವರವಿರಬಹುದು. ಆ ಎತ್ತನ್ನು ಬೇರೆ ಕಟ್ಟಿ, ಕೂಡಲೇ ಆಸ್ಪತ್ರೆಗೆ ತಿಳಿಸಿ. ಈ ರೋಗಕ್ಕೆ 6 ತಿಂಗಳಿಗೊಮ್ಮೆ ಲಸಿಕೆ ಹಾಕಿಸಬೇಕು. ಲಸಿಕೆಯವರು ಊರಿಗೆ ಬಂದ ದಿನ ಎತ್ತನ್ನು ಹೊಲಕ್ಕೆ ಹೊಡೆಯದೆ ಮನೆಯಲ್ಲಿ ಕಟ್ಟಿರಿ.

ಇವತ್ತು ಸಂಜೆಯೇ ಶುರುಮಾಡಿ. ನೊಗ ಇಳಿಸಿ, ಒಂದು ಹಿಡಿ ಹುಲ್ಲು ಕೈಗೆ ತೆಗೆದುಕೊಳ್ಳಿ.